ಅಲಿ ಕುಂಞಿ ಎಂಬ ಹೆಸರಿನ ಹೆಂಡತಿ

ಕುಂಬ್ರ, ಪುತ್ತೂರು
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ರಮೀಝ್ ಅವರಿಗೆ,

ಅಸ್ಸಲಾಮು ಅಲೈಕುಂ. ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತಾ? ಬಿಸಿ ಬಿಸಿ ಚಾದ ಪಾತ್ರೆಯ ಎದುರು ನಿಂತು ಬೆವರಿ, ಹಾಗೇ ಎಸಿಯ ಕೆಳಗೆ ಹೋಗಿ ನಿಲ್ಲುತ್ತೀರಂತೆ. ರಜೆಗೆ ಬಂದ ನಿಮ್ಮ ರೂಮಿನ ಜಾಸಿರ್ ಹೇಳಿದ. ಇನ್ನು ಹಾಗೆ ಮಾಡಬೇಡಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಉಮ್ಮನಿಗೆ ಶುಗರ್ ಸ್ವಲ್ಪ ಹತೋಟಿಗೆ ಬಂದಿದೆ, ಆದರೆ ನಾನು ಮೀನಿನವನ ಹಾರ್ನ್ ಕೇಳಿ ಗೇಟಿಗೆ ಹೋದ ಕೂಡಲೇ ಒಳಗೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆಯುವ ಸದ್ದಾಗುತ್ತದೆ. ಕೇಳಿದರೆ "ಇಲಿ ಆಗಿರ್ಬೇಕು" ಅನ್ನುತ್ತಾರೆ. ಅಂಥ ಬುದ್ಧಿವಂತ ಇಲಿಯನ್ನು ನಾನೆಲ್ಲೂ ನೋಡಿಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿದೆ, ಬಾವಿಯಲ್ಲಿ ನೀರುಂಟು, ನನ್ನ ಟ್ಯೂಶನ್ ಮಕ್ಕಳು ಎಂದಿನಂತೆ ಒತ್ತಕ್ಷರ ನುಂಗುತ್ತಾರೆ.

ಇಷ್ಟುದ್ದ ಕಾಗದ ನೋಡಿ ಗಾಬರಿಯಾಗಬೇಡಿ. ನಾನು ಕೈಯಲ್ಲಿ ಪತ್ರ ಬರೆದು ಎಷ್ಟು ವರ್ಷವಾಯಿತೋ. ಕೊಯಿಲದ ಶಾಲೆಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಪತ್ರಲೇಖನ ಕಲಿಸುವಾಗ ಹೊರಗೆ ಜಾನುವಾರು ಫಾರ್ಮಿನ ದನಗಳು ಕೂಗುತ್ತಿದ್ದವು, ನಾವೆಲ್ಲ ಅತ್ತ ನೋಡಿ ಪೆಟ್ಟು ತಿನ್ನುತ್ತಿದ್ದೆವು. ಜ್ವರ ಬಂದು ರಜೆ ಕೇಳುವ ಪತ್ರ, ಪ್ರವಾಸಕ್ಕೆ ಹೋಗಲು ಅಪ್ಪನ ಅನುಮತಿ ಬೇಡುವ ಪತ್ರ, ಊರಿನ ರಸ್ತೆ ಸರಿ ಮಾಡಿಸಿ ಎಂಬ ಪತ್ರ, ಇಷ್ಟು ಕಲಿಸಿದರು. ಗಂಡನಿಗೆ ಬರೆಯುವುದನ್ನು ಕಲಿಸಲಿಲ್ಲ. ಹಾಗಾಗಿ ತಪ್ಪಿದ್ದರೆ ಅವರನ್ನು ಬಯ್ಯಿರಿ. ಜಾಸಿರ್ ಆದಿತ್ಯವಾರ ಹೊರಡುತ್ತಾನೆ, ಅವನ ಬ್ಯಾಗಿನಲ್ಲಿ ಇದನ್ನು ಇಡುತ್ತೇನೆ. ಫೋನಿನಲ್ಲಿ ಏನೂ ಕಳಿಸಬೇಡ ಎಂದು ನೀವು ಹೇಳಿದ್ದೀರಲ್ಲ, ಕಳಿಸುತ್ತಿಲ್ಲ. ಕಾಗದದ ಬಗ್ಗೆ ನೀವೇನೂ ಹೇಳಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಆಗಸ್ಟಿನಲ್ಲಿ ರಜೆ ಮುಗಿಸಿ ಹೊರದೇಶದ ಕೆಲಸಕ್ಕೆ ಹೋದಾಗ ಅಲ್ಲಿನ ಏರ್‌ಪೋರ್ಟಿನಲ್ಲಿ ನಿಮಗೆ ಏನಾಯಿತು ಎಂಬುದು ನನಗೆ ಗೊತ್ತಾಗಿದೆ. ಜಾಸಿರನನ್ನು ಬಯ್ಯಬೇಡಿ. ಪಾಪ, ಅವನು ಹೋದ ವಾರ ಬಂದು, ನೀವು ಕೊಟ್ಟ ಹಾಲಿನ ಪುಡಿ, ಉಮ್ಮನ ಕಾಲಿನ ಮುಲಾಮು ಎಲ್ಲ ಕೊಟ್ಟು, ನಿಂತಲ್ಲಿಂದಲೇ ಬೆಳ್ಳಾರೆಯ ಬಸ್ಸು ಹಿಡಿಯುವ ಆತುರದಲ್ಲಿದ್ದ. ಆ ಕಟ್ಟಿನಲ್ಲಿ ನನಗೆಂದು ಒಂದು ಸೋಪೂ ಇರಲಿಲ್ಲ. ನಾನು ಚಾ ಕೊಡುವ ನೆವದಲ್ಲಿ ಜಗಲಿಯಲ್ಲಿ ಕೂರಿಸಿ, ಅಲ್ಲಿ ಅವರಿಗೆ ಬೇರೆ ಯಾರಾದರೂ ಇದ್ದಾರಾ ಎಂದು ನೇರವಾಗಿ ಕೇಳಿದೆ. ಅವನು ಲೋಟ ಕೆಳಗಿಟ್ಟ. "ಅಯ್ಯೋ ಅಂಥದ್ದು ಎಂತದೂ ಇಲ್ಲ ಅತ್ತಿಗೆ, ಹಾಗೆ ಮಾತ್ರ ಎಣಿಸ್ಬೇಡಿ" ಅಂದ. ಆಮೇಲೆ ನೆಲ ನೋಡಿಕೊಂಡೇ ಎಲ್ಲ ಹೇಳಿದ.

ಸಾಲಿನಿಂದ ನಿಮ್ಮನ್ನು ಬದಿಗೆ ಕರೆದು, ಫೋನಿನ ಲಾಕ್ ತೆಗೆಯಲು ಹೇಳಿದರಂತೆ. ತೆಗೆಯದಿದ್ದರೆ ಅದೇ ವಿಮಾನದಲ್ಲಿ ವಾಪಸ್ ಎಂದರಂತೆ. ತೆಗೆಯದೆ ಎಂತ ಮಾಡುತ್ತೀರಿ? ಹುಡುಕುತ್ತಾ ಹುಡುಕುತ್ತಾ ಅವರಿಗೆ ಸಿಕ್ಕಿದ್ದು ನನ್ನ ನಂಬರಿಗೆ ನೀವು ಇಟ್ಟಿದ್ದ ಹೆಸರು, ಅಲಿ ಕುಂಞಿ ಮಾವ. ಅಲಿ ಕುಂಞಿ ಎಂಬ ಗಂಡಸಿನ ಹೆಸರು, ಒಳಗೆ ತಲೆಗೂದಲು ಬಿಟ್ಟು ನಗುತ್ತಾ ನಿಂತ ಹೆಂಗಸಿನ ಫೋಟೋ. ಈ ಹೆಂಗಸು ಯಾರು, ಈ ಗಂಡಸು ಯಾರು, ಹೆಸರು ಮುಚ್ಚಿಟ್ಟದ್ದು ಯಾಕೆ ಎಂದು ಒಬ್ಬನಾದ ಮೇಲೆ ಒಬ್ಬ ಬಂದು ಕೇಳಿದರಂತೆ. ಹೋದ ವರ್ಷ ಪೆರ್ನಾಲ್ ಹಬ್ಬದ ದಿನ ಮಿಂದು ಬಂದು ಕಪಾಟಿನ ಕನ್ನಡಿಯ ಎದುರು ನಿಂತು ತೆಗೆದ ಫೋಟೋ ಅದು. ನಿಮ್ಮ ಉಮ್ಮ ಕೂಡ ಅದನ್ನು ನೋಡಿಲ್ಲ. ಅದಾದ ಮೇಲೆ ನನ್ನ ವಾಯ್ಸ್ ಮೆಸೇಜುಗಳನ್ನು ಜೋರಾಗಿ ಹಾಕಿದರಂತೆ. ಬ್ಯಾರಿ ಭಾಷೆ ಅವರಿಗೆ ಎಲ್ಲಿಂದ ತಿಳಿಯಬೇಕು? ಅಲ್ಲಿ ಗುಡಿಸಿ ಒರೆಸುವ ಒಬ್ಬ ಮಲಯಾಳಿಯನ್ನು ಕರೆಸಿ ಅರ್ಥ ಕೇಳಿದರಂತೆ. ಅವನಿಗೆ ಅರ್ಧ ಅರ್ಥವಾಗಿರಬಹುದು. ಉಳಿದ ಅರ್ಧಕ್ಕೆ ಅವನೇನು ಸೇರಿಸಿದನೋ ಆ ಅಲ್ಲಾಹನಿಗೇ ಗೊತ್ತು. ನಾನು ನಿಮ್ಮ ಕೆಫೆಟೇರಿಯಾದ ಗಿರಾಕಿಯ ಹಾಗೆ ಸ್ವರ ಬದಲಾಯಿಸಿ "ಒಂದು ಕಡಕ್ ಚಾ, ಸಕ್ಕರೆ ಬೇಡ, ನೀವೇ ತಂದ್ಕೊಡ್ಬೇಕು" ಎಂದು ತಮಾಷೆ ಮಾಡಿ ಕಳಿಸುತ್ತಿದ್ದೆನಲ್ಲ, ಚಾ ಎಂದರೆ ಏನು ಸಾಮಾನು, ಅದನ್ನು ಯಾರಿಗೆ ತಂದು ಕೊಡಬೇಕಿತ್ತು ಎಂದು ನಿಮ್ಮನ್ನು ಮತ್ತೆ ಮತ್ತೆ ಕೇಳಿದರಂತೆ. ಕೊನೆಗೆ ನಿಮ್ಮ ಕೆಫೆಟೇರಿಯಾ ನಡೆಸುವ ಮೊದಲಾಳಿ ಫೋನಿನಲ್ಲಿ ಮಾತಾಡಿದ ಮೇಲೆ ಬಿಟ್ಟರಂತೆ. ನೀವು ರೂಮಿಗೆ ಬಂದು, ಊಟ ಮಾಡದೆ, ನನ್ನ ಫೋಟೋ, ನನ್ನ ಸ್ವರ, ನಮ್ಮ ಮಾತು ಎಲ್ಲವನ್ನೂ ಒಂದೊಂದಾಗಿ ಅಳಿಸಿದಿರಂತೆ. ಅಳಿಸುವ ಮೊದಲು ಪ್ರತಿಯೊಂದನ್ನೂ ಕಿವಿಗೆ ಇಟ್ಟು ಕೇಳುತ್ತಿದ್ದಿರಿ ಎಂದು ಜಾಸಿರ್ ಹೇಳಿದಾಗ ನಾನು ಅಡುಗೆ ಕೋಣೆಗೆ ಎದ್ದು ಹೋದೆ. ಅವನ ಎದುರು ಅಳಬಾರದಲ್ಲ.

ಆದರೆ ನನಗೆ ಬಂದದ್ದೇನು? "ಇನ್ನು ಫೋಟೋ ಬೇಡ. ವಾಯ್ಸ್ ಬೇಡ. ಏನಾದರೂ ಇದ್ದರೆ ಉಮ್ಮನ ಫೋನಿಗೆ ಮಾಡುತ್ತೇನೆ." ಅಷ್ಟೇ. ಮೂರು ತಿಂಗಳು ನಾನು ಪಟ್ಟ ಪಾಡು ನಿಮಗೆ ಗೊತ್ತಾ? ಉಮ್ಮನ ಫೋನ್ ರಿಂಗಾದಾಗಲೆಲ್ಲ ಬಾಗಿಲ ಸಂದಿನಲ್ಲಿ ನಿಂತಿರುತ್ತಿದ್ದೆ. ಅವಳಿಗೆ ಕೊಡಲಾ ಎಂದು ಉಮ್ಮ ಕೇಳಿದರೆ, ಕೆಲಸ ಉಂಟು, ಆಮೇಲೆ ಮಾಡ್ತೇನೆ ಎಂಬ ನಿಮ್ಮ ಮಾತು ನನಗೂ ಕೇಳುತ್ತಿತ್ತು. ನಾನು ಏನು ತಪ್ಪು ಮಾಡಿದೆ ಎಂದು ಹಳೆಯದನ್ನೆಲ್ಲ ಕೆದಕಿದೆ. ಏನೂ ಸಿಗದಿದ್ದಾಗ ನಿಮ್ಮನ್ನೇ ಬಯ್ದೆ. ಬಟ್ಟೆ ಒಗೆಯುವಾಗ, ಮೀನು ಹೆಚ್ಚುವಾಗ, ಮಕ್ಕಳಿಗೆ ಕಾಪಿ ಬರೆಸುವಾಗ, ಬಾಯಿಗೆ ಬಂದ ಹಾಗೆ ಬಯ್ದಿದ್ದೇನೆ. ಅದರಲ್ಲಿ ಅರ್ಧವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಇನ್ನರ್ಧ ನಿಮಗೇ ಇರಲಿ.

ಆ ಹೆಸರಿನ ಕಥೆ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ನಿಕಾಹ್ ಆಗಿ, ನೀವು ನನ್ನನ್ನು ಕುಂಬ್ರಕ್ಕೆ ಕರೆದುಕೊಂಡು ಬರುವವರೆಗಿನ ಆ ದಿನಗಳಲ್ಲಿ ನನಗೆ ಫೋನ್ ಎಲ್ಲಿತ್ತು? ನನ್ನ ಉಪ್ಪನ, ಅಂದರೆ ನಿಮ್ಮ ಅಲಿ ಕುಂಞಿ ಮಾವನ ಫೋನಿಗೇ ನೀವು ಮಾಡಬೇಕಿತ್ತು. ಮಾವನ ಹತ್ತಿರ ಅಡಿಕೆಗೆ ರೇಟ್ ಎಷ್ಟು, ಮಳೆ ಹೇಗುಂಟು, ಫಾರ್ಮಿನ ಹತ್ತಿರ ಚಿರತೆ ಬಂದದ್ದು ಹೌದಾ ಎಂದೆಲ್ಲ ಕೇಳಿ ಮುಗಿಸುವಷ್ಟರಲ್ಲಿ ನಿಮ್ಮ ಬ್ಯಾಲೆನ್ಸ್ ಖಾಲಿ. ಉಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಅಂಗಳದಲ್ಲಿ ಸುಮ್ಮನೆ ತಿರುಗುತ್ತಿದ್ದರು. ಹತ್ತಿರ ಬರುವ ಮೊದಲು ದೂರದಿಂದಲೇ ಕೆಮ್ಮುತ್ತಿದ್ದರು, ಅವರ ದೊಡ್ಡತನ ಅದು. ನಾನು ಕುಂಬ್ರಕ್ಕೆ ಹೊರಟಾಗ "ಈ ಹುಡುಗನ ಮಿಸ್ಡ್ ಕಾಲಲ್ಲಿ ನಂಗೆ ನಿದ್ದೆ ಇಲ್ಲ ಮಾರಾಯ್ತಿ, ನೀನೇ ಇಟ್ಕೊ" ಎಂದು ಸಿಮ್ಮನ್ನೇ ನನಗೆ ಕೊಟ್ಟರು. ನಂಬರ್ ನನ್ನದಾಯಿತು, ನಿಮ್ಮ ಫೋನಿನಲ್ಲಿ ಹೆಸರು ಮಾತ್ರ ಉಪ್ಪನದ್ದೇ ಉಳಿಯಿತು. ಬದಲಾಯಿಸಿ ಎಂದರೆ, ಅಂಗಡಿಯ ಕೌಂಟರಿನಲ್ಲಿ ಫೋನ್ ಇಟ್ಟಿರುತ್ತೇನೆ, ಬಂದವರೆಲ್ಲ ನನ್ನ ಹೆಂಡತಿಯ ಹೆಸರು ಓದುವುದು ಬೇಡ ಎಂದಿರಿ. ನಮ್ಮಲ್ಲಿ ಎಷ್ಟು ಗಂಡಸರು ಹೀಗೆಯೇ ಮನೆ ಎಂದೋ, ಭಾವನ ಹೆಸರೋ ಹಾಕಿಟ್ಟಿಲ್ಲ! ನನ್ನನ್ನು ಬೇರೆಯವರ ಕಣ್ಣಿನಿಂದ ಕಾಯಲೆಂದು ನೀವು ಮಾಡಿದ್ದು. ಅಲ್ಲಿ ಅದೇ ಕಳ್ಳತನದ ಹಾಗೆ ಕಂಡಿತು. ಅದರಲ್ಲಿ ನಿಮ್ಮ ತಪ್ಪು ನನಗಂತೂ ಕಾಣುವುದಿಲ್ಲ.

ನಿನ್ನೆ ಕೊಯಿಲಕ್ಕೆ, ತವರಿಗೆ ಹೋಗಿದ್ದೆ. ಉಪ್ಪನ ಹೆಸರು ಸೇರಿಕೊಂಡ ವಿಷಯವಲ್ಲವೇ, ಹೇಳದೆ ಇರಲು ಆಗಲಿಲ್ಲ. ಫೋಟೋದ ಮಾತು ಬಿಟ್ಟು ಉಳಿದದ್ದು ಹೇಳಿದೆ. ಉಪ್ಪ ಮೊದಲು ಚೆನ್ನಾಗಿ ನಕ್ಕರು, ಈ ಪ್ರಾಯದಲ್ಲಿ ನನ್ನನ್ನು ಹೆಂಗಸು ಮಾಡಿದನಲ್ಲ ಅಳಿಯ ಎಂದು. ಆಮೇಲೆ ಹಳೆಯ ಕ್ಯಾಸೆಟುಗಳ ಮಾತು ತೆಗೆದರು. ನಾನು ಸಣ್ಣವಳಿದ್ದಾಗ ಉಪ್ಪ ಕೂಡ ಹೊರದೇಶದಲ್ಲಿ ಇದ್ದದ್ದು ನಿಮಗೆ ಗೊತ್ತಲ್ಲ. ನನ್ನ ಉಮ್ಮನಿಗೆ ಬರೆಯಲು ಬರುವುದಿಲ್ಲ. ಊರಿನಿಂದ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದರು. ಒಳಕೋಣೆಯ ಬಾಗಿಲು ಹಾಕಿ, ಟೇಪ್ ರೆಕಾರ್ಡರಿನ ಕೆಂಪು ಬಟನ್ ಒತ್ತಿ, ಉಮ್ಮ ಒಬ್ಬರೇ ಮಾತಾಡುವುದು ಹೊರಗೆ ನಮಗೆ ಗುಜುಗುಜು ಕೇಳುತ್ತಿತ್ತು. ಮಧ್ಯೆ ಕೋಳಿ ಕೂಗಿದರೆ ಅದೂ ಹೋಗುತ್ತಿತ್ತು. ಬಾಗಿಲು ತೆರೆದು ಹೊರಗೆ ಬಂದ ಉಮ್ಮನ ಮುಖ ಮಳೆ ನಿಂತ ಮೇಲಿನ ಅಂಗಳದ ಹಾಗೆ ತೊಳೆದು ಹಗುರಾಗಿರುತ್ತಿತ್ತು. ಆ ದಿನ ನಾವು ಏನು ಕೇಳಿದರೂ ಕೊಡುತ್ತಿದ್ದರು. ಕ್ಯಾಸೆಟ್ ಒಯ್ಯುವವರು ಅದನ್ನು ಅಂಗಿಗಳ ನಡುವೆ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಹಾಕಿ ಕೇಳಬೇಕೆಂಬ ಯೋಚನೆಯೂ ಅವರಿಗೆ ಬರುತ್ತಿರಲಿಲ್ಲ.

ಇಷ್ಟು ವರ್ಷ ಹೇಳದ ಒಂದು ಸಂಗತಿಯನ್ನು ಉಪ್ಪ ನಿನ್ನೆ ಹೇಳಿದರು. ಒಂದು ಸಲ ರಜೆ ಮುಗಿಸಿ ಹೋಗುವಾಗ ಉಮ್ಮನ ಹಳೆಯ ಕ್ಯಾಸೆಟೊಂದು ಬ್ಯಾಗಿನಲ್ಲೇ ಇತ್ತಂತೆ. ಅಲ್ಲಿನ ತಪಾಸಣೆಯವನು ಇದೇನು ಎಂದು ಮೆಶಿನಿಗೆ ಹಾಕಿ ಕೇಳಿದನಂತೆ. ಅದರಲ್ಲಿ ಉಮ್ಮ ದನ ಕರು ಹಾಕಿದ್ದು ಹೇಳಿದರು, ಮಾಡಿನ ಹಂಚು ಒಡೆದದ್ದು ಹೇಳಿದರು, ಆಮೇಲೆ ಮಾತು ನಿಲ್ಲಿಸಿ ಅಳಲು ಶುರು ಮಾಡಿದರು. ಅವನಿಗೆ ಒಂದು ಶಬ್ದವೂ ಅರ್ಥವಾಗಿರಲಿಲ್ಲ. ಆದರೂ ಪಟ್ಟನೆ ಬಟನ್ ಒತ್ತಿ ನಿಲ್ಲಿಸಿ, ಮುಖ ಆಚೆ ಮಾಡಿ, ಕ್ಯಾಸೆಟನ್ನು ಉಪ್ಪನ ಕೈಗೆ ಕೊಟ್ಟು ಹೋಗು ಎಂದನಂತೆ. ಉಮ್ಮ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿ, "ಎಲ್ಲಿವರೆಗೆ ಕೇಳಿದ ಅವ?" ಎಂದು ಕೇಳಿದರು. "ನೀನು ಅಳುವಲ್ಲಿವರೆಗೆ" ಎಂದರು ಉಪ್ಪ. ಉಮ್ಮ "ಒಳ್ಳೆಯವ, ಪಾಪ" ಎಂದು ಮತ್ತೆ ಅಕ್ಕಿ ಆರಿಸಿದರು. ನನಗೆ ಆ ಅಪರಿಚಿತನ ಮೇಲೆ ಎಷ್ಟು ಗೌರವ ಬಂತೆಂದರೆ ಹೇಳಲಾರೆ. ನಿಮ್ಮ ಸುತ್ತ ನಿಂತವರಲ್ಲಿ ಒಬ್ಬನಿಗಾದರೂ ಇನ್ನು ಸಾಕು, ನಿಲ್ಲಿಸುವ ಎಂದು ಅನ್ನಿಸಲಿಲ್ಲವಲ್ಲ. ಅದೇ ನನಗೆ ಸಿಟ್ಟು.

ಈಗ ನನ್ನ ಮಾತು ಕೇಳಿ. "ಅವಳ ಮುಖ ನೋಡ್ಲಿಕ್ಕೆ ನಂಗೆ ಧೈರ್ಯ ಇಲ್ಲ ಮಾರಾಯ, ಅವಳ ಮಾನ ನಾನೇ ತೆಗೆದ ಹಾಗಾಯ್ತು" ಎಂದು ಜಾಸಿರನ ಹತ್ತಿರ ಹೇಳಿದ್ದೀರಿ. ಇನ್ನು ಏರ್‌ಪೋರ್ಟಿನ ಆ ಕೌಂಟರ್ ದಾಟುವುದು ಬೇಡ, ಬರುವ ವರ್ಷದ ರಜೆಯೂ ಬೇಡ ಎಂದಿದ್ದೀರಿ. ನನ್ನ ಮಾನ ಹೋಯಿತು ಎಂದು ತೀರ್ಮಾನ ಮಾಡಲು ನೀವು ಯಾರು? ಅದು ನನ್ನದು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ನನಗೆ ಅಸಹ್ಯವಾಯಿತು, ಹೌದು. ಎರಡು ದಿನ ಆ ಕನ್ನಡಿಯ ಎದುರು ನಿಲ್ಲಲಿಲ್ಲ. ಯಾರೋ ಬೀದಿಯವರು ಬೇಲಿ ಹಾರಿ ಬಂದು ಮಲಗುವ ಕೋಣೆಯಲ್ಲಿ ಚಪ್ಪಲಿ ಹಾಕಿ ನಡೆದ ಹಾಗೆ ಅನ್ನಿಸಿತು. ಆದರೆ ಚಪ್ಪಲಿ ಅವರದ್ದು, ನಾಚಿಕೆಯೂ ಅವರಿಗೇ ಆಗಬೇಕು. ಅವರು ನೋಡಿದ್ದಕ್ಕೆ ನೀವು ನನ್ನನ್ನು ನೋಡುವುದು ಬಿಟ್ಟರೆ ನಾನು ಎಲ್ಲಿಗೆ ಹೋಗಲಿ? ಅವರು ಕೇಳಿದ್ದು ಒಂದು ದಿನ. ನೀವು ಮಾತು ಬಿಟ್ಟು ಮೂರು ತಿಂಗಳಾಯಿತು. ನನ್ನನ್ನು ಹೆಚ್ಚು ನೋಯಿಸಿದ್ದು ಯಾವುದು, ನೀವೇ ಹೇಳಿ. ನನಗೆ ನೀವು ಬೇಕು. ಚಾ ಕೇಳಿದರೆ ನಗುವ ಆ ಸ್ವರ ಬೇಕು.

ನಿಮ್ಮ ಉಮ್ಮ ಸಲಾಂ ಹೇಳಿದ್ದಾರೆ. ಅವರಿಗೆ ಏನೂ ಗೊತ್ತಿಲ್ಲ, ನಾವಿಬ್ಬರು ಜಗಳ ಮಾಡಿಕೊಂಡಿದ್ದೇವೆ ಎಂದೆಣಿಸಿ ನನಗೆ ಹೆಚ್ಚು ಮೀನು ಬಡಿಸುತ್ತಾರೆ. ಉಪ್ಪ, ಉಮ್ಮನ ದುಆ ನಿಮ್ಮ ಮೇಲೆ ಸದಾ ಇದೆ. ಕೆಮ್ಮಿಗೆ ಕರಿಮೆಣಸಿನ ಪುಡಿ ಕಟ್ಟಿ ಕಳಿಸಿದ್ದೇನೆ, ಬಿಸಿನೀರಿಗೆ ಹಾಕಿ ಕುಡಿಯಿರಿ, ಗಿರಾಕಿಗಳಿಗೆ ಹಾಕಬೇಡಿ. ಅಲ್ಲಾಹನು ನಿಮ್ಮನ್ನು ಆರೋಗ್ಯವಾಗಿಡಲಿ.

ನಿಮ್ಮವಳೇ ಆದ,
ಮಿಸ್ರಿಯಾ

ಮರೆತಿದ್ದೆ, ಜಾಸಿರನ ಬೈಕ್ ಗೇಟಿಗೆ ಬಂದಾಯಿತು: ನನ್ನ ಪಾಸ್‌ಪೋರ್ಟ್ ಮೊನ್ನೆ ಪೋಸ್ಟಿನಲ್ಲಿ ಬಂತು. ಅರ್ಜಿ ಹಾಕಿದ್ದು ನಿಮ್ಮ ಮೇಲೆ ಸಂಶಯ ಬಂದಾಗ, ಬಂದು ನಿಮ್ಮನ್ನು ಹಿಡಿಯುವ ಎಂದು. ಕೈಗೆ ಸಿಕ್ಕಿದ್ದು ಸಂಶಯ ಹೋದ ಮೇಲೆ. ಇನ್ನು ಅದನ್ನು ಸುಮ್ಮನೆ ಇಡುವುದಾ? ಜಾಸಿರನ ಅಕ್ಕ, ಭಾವ ಅಲ್ಲಿ ಒಂದು ಕೋಣೆ ಬಿಟ್ಟುಕೊಡುತ್ತಾರಂತೆ, ವಿಸಿಟ್ ವೀಸಾಕ್ಕೆ ಅವರೇ ಓಡಾಡುತ್ತಾರಂತೆ. ಉಮ್ಮನ ಹತ್ತಿರ ಅಷ್ಟು ದಿನ ನಿಮ್ಮ ತಂಗಿ ಬಂದು ಇರುತ್ತಾಳೆ. ಜನವರಿಯಲ್ಲಿ ಬರುತ್ತೇನೆ. ನೀವು ದಾಟಲು ಹೆದರುವ ಆ ಕೌಂಟರನ್ನು ನಾನು ದಾಟಿ ಬರುತ್ತೇನೆ. ಫೋನಿನಿಂದ ಏನನ್ನೂ ಅಳಿಸುವುದಿಲ್ಲ. ಈ ಹೆಂಗಸು ಯಾರು ಎಂದು ಕೇಳಿದರೆ, ನಾನು, ಹೊರಗೆ ನಿಂತಿರುವವರ ಹೆಂಡತಿ ಎಂದು ಹೇಳುತ್ತೇನೆ. ನೀವು ಬಾಗಿಲ ಹತ್ತಿರವೇ ನಿಂತಿರಿ. ತಲೆ ತಗ್ಗಿಸಿ ಮಾತ್ರ ನಿಲ್ಲಬೇಡಿ, ಅಷ್ಟು ಜನರ ನಡುವೆ ನನಗೆ ನಿಮ್ಮ ಗುರುತು ಸಿಗುವುದಿಲ್ಲ.