ಹರಿಯಲಾಗದ ಕಾದಂಬರಿ

ಮಾನ್ಯ ಟೈಲರಮ್ಮನವರಿಗೆ,

ನಮಸ್ಕಾರ. ನಾನು ಪ್ರಕಾಶಕರ ಕಚೇರಿಯಲ್ಲಿ ಅಂಚೆ ನೋಡಿಕೊಳ್ಳುವ ಗುಮಾಸ್ತ. ಹೊಲಿಗೆ ಹೆಂಗಸರ ಬಗ್ಗೆ ನೀವು ಬರೆದ ಕಾದಂಬರಿಯನ್ನು ಮೂರು ಸಲ ಕಟ್ಟಿ ವಾಪಸು ಕಳಿಸಿದವನು ನಾನೇ. ಪ್ರತಿ ಸಲವೂ ನೀವು ಅದನ್ನು ತಿದ್ದಿ, ಮೊದಲಿನಿಂದ ಕೈಯಲ್ಲೇ ಬರೆದು ಕಳಿಸಿದಿರಿ. ನಾಲ್ಕನೆಯ ಸಲ ಜೊತೆಗೊಂದು ಚೀಟಿ ಇತ್ತು: "ಬೇಡವಾದರೆ ಹರಿದು ಹಾಕಿ. ಇನ್ನು ಬರೆಯುವುದಿಲ್ಲ."

ಸಂಪಾದಕರು ತೆರೆದೂ ನೋಡದೆ ಬೇಡವೆಂದರು. ಹರಿಯಲು ನನಗೆ ಕೈ ಬರಲಿಲ್ಲ. ಮನೆಗೆ ಒಯ್ದು ಹೆಂಡತಿಗೆ ಓದಿ ಹೇಳಿದೆ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. "ಈಯಮ್ಮ ನಮ್ಮ ಸೂಪರ್‌ವೈಸರ್‌ನ ಎಲ್ಲಿ ನೋಡಿದ್ರು?" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಐದನೇ ಅಧ್ಯಾಯಕ್ಕೆ ಕಣ್ಣೊರೆಸಿಕೊಂಡಳು.

ಮರುದಿನ ಆ ಅಧ್ಯಾಯವನ್ನೇ ತೆರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಸಂಜೆ ಅವರು ಕೂಗಿದರು:

"ಇಂಥಾದ್ದನ್ನ ಮೂರು ಸಲ ವಾಪಸ್ ಕಳಿಸಿದ್ದು ಯಾರಯ್ಯಾ?"

"ತಾವೇ ಸರ್."

ಪುಸ್ತಕ ಅಚ್ಚಾಗುತ್ತದೆ, ಸಂಪಾದಕರ ಪತ್ರ ಪ್ರತ್ಯೇಕವಾಗಿ ಬರುತ್ತದೆ. ಅಷ್ಟರಲ್ಲಿ ದಯವಿಟ್ಟು ಎರಡನೆಯದನ್ನು ಶುರು ಮಾಡಿ. ಪುಟಸಂಖ್ಯೆ ಹಾಕಲು ಮರೆಯಬೇಡಿ. ಕಟ್ಟಿನ ಮೇಲೆ "ಗುಮಾಸ್ತರಿಗೆ" ಎಂದೇ ಬರೆಯಿರಿ. ಸಂಪಾದಕರಿಗಿಂತ ಮೊದಲು ನಾನೂ ನನ್ನ ಹೆಂಡತಿಯೂ ಓದಬೇಕು.

ಇತಿ,
ನಿಮ್ಮ ಓದುಗ,
ಅಂಚೆ ಗುಮಾಸ್ತ