ಎತ್ತಿದ ಕೈ

ಫೆಬ್ರವರಿ 4. ಬೆಳಿಗ್ಗೆ, ಕೊನೆ ಸ್ಟಾಪ್

ಎರಡನೇ ಟ್ರಿಪ್ ಆಯಿತು. ಹಿಂಬಾಗಿಲು ಮತ್ತೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿದೆ. ಡಿಪೋದಲ್ಲಿ ಮಗಳಿಗೆ ಹೇಳಿದೆ. ಮೆಕ್ಯಾನಿಕ್ ಆಗಿ ಸೇರಿ ವರ್ಷ ತುಂಬಿಲ್ಲ, ಆಗಲೇ ಗತ್ತು. "ಕಂಪ್ಲೇಂಟ್ ಬುಕ್ಕಲ್ಲಿ ಬರೀರಿ ಮೇಡಂ, ಎಲ್ಲರ ಥರ." ಮನೆಯಲ್ಲಿ ಅಮ್ಮ, ಡಿಪೋದಲ್ಲಿ ಮೇಡಂ. ಬರೆದೆ.

ಸೇತುವೆ ಮೇಲೆ ಎದುರು ಬಸ್ಸಿನವನು ಕೈ ಎತ್ತಿದ. ನಾನೂ ಎತ್ತಿದೆ. ಹತ್ತು ವರ್ಷದ ಪರಿಚಯ, ಒಂದು ಮಾತಿಲ್ಲ. ಸ್ಟಿಯರಿಂಗಿನಿಂದ ಮೇಲಿನ ಅರ್ಧ ಮನುಷ್ಯನನ್ನಷ್ಟೇ ನೋಡಿದ್ದೇನೆ.

ಪೆನ್ಷನ್ ಫಂಡಿನ ಮಂಡಳಿಗೆ ನಮ್ಮ ಡಿಪೋ ಪರವಾಗಿ ನನ್ನ ಹೆಸರು ಹೋಗಿದೆಯಂತೆ. ಆರಿಸಿದ ದಿನ ನಾನು ಟ್ರಿಪ್ಪಿನಲ್ಲಿದ್ದೆ. ಅಲ್ಲಿ ಇಲ್ಲದವಳ ತಲೆಗೇ ಕಿರೀಟ. "ತಿಂಗಳಿಗೊಂದು ಮೀಟಿಂಗು, ಬಿಸ್ಕತ್ತು ಚೆನ್ನಾಗಿರುತ್ತೆ" ಎಂದ ಯೂನಿಯನ್ ಸೆಕ್ರೆಟರಿ. ನಾಲ್ಕು ವರ್ಷಕ್ಕೆ ನಾನೂ ರಿಟೈರ್ ಆಗುವವಳು. ನೋಡಿಬರೋಣ ಎಂದುಕೊಂಡೆ.

ಫೆಬ್ರವರಿ 11. ಸಂಜೆ

ಮೊದಲ ಮೀಟಿಂಗ್. ನಗರಸಭೆ ಕಟ್ಟಡ, ಮೂರನೇ ಮಹಡಿ. ಕಾರ್ಪೆಟ್ಟಿನ ಮೇಲೆ ನಡೆದರೆ ನನ್ನ ಬೂಟಿನದೇ ಸದ್ದಿಲ್ಲ — ಕಳ್ಳಿಯ ಹಾಗೆ ಒಳಗೆ ಹೋದೆ. ಅಧ್ಯಕ್ಷೆ ಸೇರಿ ಏಳು ಜನ. ಎದುರು ಬಸ್ಸಿನವನೂ ಇದ್ದಾನೆ, ಇನ್ನೊಂದು ಡಿಪೋ ಪರವಾಗಿ. ಕುರ್ಚಿಯೂ ನನ್ನೆದುರಿಗೇ. ಅವನಿಗೆ ಕಾಲುಗಳೂ ಇವೆ, ಗಿಡ್ಡ. ಸಣ್ಣ ವಯಸ್ಸಿಗೇ ಕೆಲಸಕ್ಕೆ ಸೇರಿದವನು, ಇನ್ನೂ ಬಹಳ ಸರ್ವೀಸ್ ಇದೆ.

ನಮ್ಮೆಲ್ಲರ ಆಯುಸ್ಸಿನ ಲೆಕ್ಕ ಹಾಕುವುದಕ್ಕೇ ಒಬ್ಬರಿದ್ದಾರೆ. ಆಯುಸ್ಸು ಮೇಡಂ ಎಂದು ನಾನೇ ಹೆಸರಿಟ್ಟೆ. ನೆಗಡಿಯಾಗಿತ್ತು. ಮೂಗು ಒರೆಸುತ್ತಲೇ ಹೇಳಿದರು: ಫಂಡಿನಲ್ಲಿ ನೂರು ಇರಬೇಕಾದ ಕಡೆ ನಲವತ್ತು ಇದೆ. ನಗರಸಭೆ ಎಷ್ಟೋ ವರ್ಷ ತನ್ನ ಪಾಲು ಕಟ್ಟದೆ ರಸ್ತೆ ಮಾಡಿಸಿತಂತೆ. ಆ ರಸ್ತೆಯಲ್ಲೇ ನಾನು ದಿನಾ ಬಸ್ಸು ಓಡಿಸುವುದು. ಗುಂಡಿಗಳೆಲ್ಲ ನನಗೆ ಬಾಯಿಪಾಠ.

ಇನ್ನೊಂದು ಕಾರಣ, ವರದಿಯ ಪ್ರಕಾರ, "ಪ್ರತಿಕೂಲ ಅನುಭವ".

"ಹಾಗಂದ್ರೆ ಏನು ಮೇಡಂ?" ಎಂದೆ.

"ರಿಟೈರ್ ಆದವರು ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ದಿನ ಇರ್ತಿದಾರೆ."

"ಇರೋದು ಅಂದ್ರೆ... ಬದುಕಿರೋದಾ?"

"ಹೌದು. ಬೇಗ ಹೋದ್ರೆ ಅನುಕೂಲ ಅನುಭವ ಅಂತ ಬರೀತೀವಿ."

ಕೆಟ್ಟ ಹೆಂಗಸಲ್ಲ. ನನಗೆ ಇನ್ನೊಂದು ಕಪ್ ಚಹಾ ಬಗ್ಗಿಸಿಕೊಟ್ಟರು. ಬಿಸ್ಕತ್ತು ನಿಜಕ್ಕೂ ಚೆನ್ನಾಗಿತ್ತು.

ಫೆಬ್ರವರಿ 13

ಅಣ್ಣನಿಗೆ ಹೇಳಿದೆ. ರಿಟೈರ್ ಆದ ಕಂಡಕ್ಟರ್, ಎಪ್ಪತ್ತಮೂರು. ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಒಂದು ರೂಮು, ರಾತ್ರಿಯ ಊಟ ನಮ್ಮಲ್ಲಿ. ಇವತ್ತಿಗೂ ಯಾವ ಬಾಗಿಲು ಹಾಕಿದರೂ ಎರಡು ಸಲ ತಟ್ಟಿ "ರೈಟ್" ಎನ್ನುತ್ತಾನೆ. ಬಚ್ಚಲಿನದೂ ಸೇರಿ.

ಆ ಪದ ಕೇಳಿ ಖುಷಿಯೋ ಖುಷಿ. ಇವತ್ತು ಬಾಗಿಲು ಬಡಿದ. ಮಗಳು ಒಳಗಿನಿಂದ "ಯಾರು?" ಎಂದಳು.

"ಪ್ರತಿಕೂಲ ಅನುಭವ ಬಂದಿದೀನಿ, ಊಟ ಇದೆಯೇನೇ?"

ಮಗಳು ನಕ್ಕು ನಕ್ಕು ಸುಸ್ತಾದಳು. ನಾನೂ ನಕ್ಕೆ. ಬಡಿಸುವಾಗ ಅವನ ಮಣಿಕಟ್ಟು ನೋಡಿದೆ. ಗಡಿಯಾರದ ಪಟ್ಟಿಗೆ ಹೊಸದಾಗಿ ಒಂದು ತೂತು ಕೊರೆದುಕೊಂಡಿದ್ದಾನೆ.

ಮಾರ್ಚ್ 3. ಮಧ್ಯಾಹ್ನ, ಕೊನೆ ಸ್ಟಾಪ್

ಮುಂದಿನ ಮೀಟಿಂಗಿನ ವಿಷಯ ಬಂತು. ರಿಟೈರ್ ಆದವರಿಗೆ ಪ್ರತಿ ವರ್ಷ ಸಿಗುವ ಏರಿಕೆಯನ್ನು ಹತ್ತು ವರ್ಷ ನಿಲ್ಲಿಸುವುದು. ನಿಲ್ಲಿಸದಿದ್ದರೆ ಕೆಲಸದಲ್ಲಿರುವವರ ಸಂಬಳದಿಂದ ಹಿಡಿಯುವುದು ಹೆಚ್ಚುಕಮ್ಮಿ ಎರಡರಷ್ಟು. ಅಷ್ಟು ಹಿಡಿದರೂ ಮಗಳು ರಿಟೈರ್ ಆಗುವುದಕ್ಕೆ ಎಷ್ಟೋ ಮೊದಲೇ ಫಂಡು ಖಾಲಿ. ಆಯುಸ್ಸು ಮೇಡಂ ಹಾಗೇ ಬರೆದಿದ್ದಾರೆ, ಒಂದೇ ಸಾಲಿನಲ್ಲಿ.

ಹಳೆಯ ಕಂಡಕ್ಟರುಗಳು ಪಾರ್ಕಿನ ಬೆಂಚಿನಲ್ಲಿ ಕೂರುತ್ತಾರೆ. ನಿನ್ನೆ ರಾತ್ರಿ ಅಣ್ಣನನ್ನು ರಾಯಭಾರಿ ಮಾಡಿ ಕಳಿಸಿದ್ದರು.

"ಮನೆ ಓನರ್ರು ಬಾಡಿಗೆ ಏರಿಸೋದು ನಿಲ್ಸಲ್ಲ. ನನ್ನ ಪೆನ್ಷನ್ ಏರೋದು ನಿಂತ್ರೆ ಇಬ್ಬರಲ್ಲಿ ಒಬ್ಬರು ಇಳೀಬೇಕು. ಓನರ್ ಅಂತೂ ಇಳಿಯಲ್ಲ."

"ನಮ್ಮನೇಗೇ ಬಂದ್ಬಿಡಣ್ಣ."

"ತಂಗಿ ಮನೇಲಿ ಊಟ ಸರಿ. ಹಾಸಿಗೆ ಬೇಡ."

ಅವನು ಅಂಥವನೇ. ಅದೊಂದು ರೂಮು, ಅದರ ಬೀಗದ ಕೈ ಅವನ ಜೇಬಿನಲ್ಲಿರಬೇಕು. "ನಾನು ಕೈ ಎತ್ತಲ್ಲ ಬಿಡು" ಎಂದೆ. ಮಾತು ಕೊಟ್ಟ ಹಾಗೇ. ಊಟ ಮುಗಿಸಿ ಎದ್ದವನು ತನಗೆ ತಾನೇ ಹೇಳಿಕೊಂಡ, "ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು."

ಮಾರ್ಚ್ 7

ಮಗಳು ಗ್ರೀಸ್ ಸೋಪಿನಲ್ಲಿ ಕೈ ಉಜ್ಜುತ್ತಾ ಕೇಳಿದಳು, ನನ್ನ ಮುಖ ನೋಡದೆ.

"ನನ್ನ ಸಂಬಳದಲ್ಲಿ ಹಿಡಿಯೋದು ಮಾವನಿಗೆ ಹೋಗುತ್ತೆ. ಹೋಗ್ಲಿ. ಮಾವ ನನ್ನ ಎತ್ತಿ ಆಡಿಸಿದೋರು. ಆದ್ರೆ ನನ್ನ ಸರದಿ ಬಂದಾಗ ಡಬ್ಬದಲ್ಲಿ ಏನಿರುತ್ತೆ ಅಮ್ಮ?"

"ನೋಡೋಣ" ಎಂದೆ. ಅಣ್ಣನಿಗೆ ಮಾತು, ಮಗಳಿಗೆ ನೋಡೋಣ. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಇಷ್ಟು ದಿನ ಸುಮ್ಮನೆ ಬಾಯಿಚಟಕ್ಕೆ ಹೇಳುತ್ತಿದ್ದೆ.

ಮಾರ್ಚ್ 11

ಮೀಟಿಂಗ್ ಆಯಿತು. ಬರೆಯಲು ಮನಸ್ಸಿಲ್ಲ.

ಮಾರ್ಚ್ 12. ಬೆಳಿಗ್ಗೆ, ಕೊನೆ ಸ್ಟಾಪ್

ಆದದ್ದು ಆದ ಹಾಗೆ ಬರೆಯುತ್ತೇನೆ.

ಮಂಡಳಿಯಲ್ಲಿ ಕೈ ಎತ್ತಿ ಮತ. ಅಧ್ಯಕ್ಷೆ "ಪರವಾಗಿರೋರು?" ಎಂದರು. ನಗರಸಭೆಯ ಇಬ್ಬರು ಎತ್ತಿದರು. ನಾನು ಎರಡು ಕೈಯನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ, ಗಟ್ಟಿಯಾಗಿ. ಆಮೇಲೆ ಎದುರು ಬಸ್ಸಿನವನು ಎತ್ತಿದ. ನನ್ನನ್ನೇ ನೋಡುತ್ತಾ, ಸೇತುವೆ ಮೇಲೆ ಎತ್ತುವ ಹಾಗೇ, ಮೊಣಕೈ ಊರಿಕೊಂಡು.

ನನ್ನದೂ ಎದ್ದಿತು.

ಯೋಚನೆ ಇಲ್ಲ, ಏನಿಲ್ಲ. ಎದುರಿಗೆ ಕೈ ಎದ್ದರೆ ನನ್ನದು ಏಳುತ್ತದೆ. ನಿದ್ದೆಗಣ್ಣಿನಲ್ಲೂ ಏಳುತ್ತದೆ, ಮಂಜಿನಲ್ಲೂ ಏಳುತ್ತದೆ. ಗುಮಾಸ್ತೆ ಪೆನ್ನು ಆಡಿಸುತ್ತಾ "ನಾಲ್ಕು" ಎಂದಳು. ನಾಲ್ಕನೆಯವರು ಯಾರಪ್ಪಾ ಎಂದು ನಾನೂ ಸುತ್ತ ನೋಡಿದೆ. ವಿರುದ್ಧ ಮೂರು. "ಅಂಗೀಕಾರ" ಎಂದರು ಅಧ್ಯಕ್ಷೆ. ಮುಂದಿನ ವಿಷಯ ಮೀಟಿಂಗ್ ಹಾಲಿನ ಕುರ್ಚಿಗಳ ಕುಶನ್ ಬದಲಾವಣೆ. ಅದಕ್ಕೆ ಅರ್ಧ ಗಂಟೆ ಚರ್ಚೆ.

ಆಗಲೇ ಬಾಯಿ ಬಿಡಬಹುದಿತ್ತು. ಎಲ್ಲರೆದುರು ಏನಂತ ಹೇಳುವುದು... ಕ್ಷಮಿಸಿ, ಅವರು ಕೈ ಎತ್ತಿದರು, ನಾನು ನಮಸ್ಕಾರ ಎಂದುಕೊಂಡೆ? ನಾಚಿಕೆಯಾಯಿತು.

ಮೆಟ್ಟಿಲ ಹತ್ತಿರ ಎದುರು ಬಸ್ಸಿನವನು ಮೊದಲ ಸಲ ಮಾತಾಡಿದ. "ನೀವು ಎತ್ತಲ್ಲ ಅಂದ್ಕೊಂಡಿದ್ದೆ. ನಿಮ್ಮಣ್ಣ ಪೆನ್ಷನ್ನಲ್ಲಿದಾರೆ ಅಲ್ವಾ? ದೊಡ್ಡ ಮನಸ್ಸು ನಿಮ್ದು." ಕೀರಲು ದನಿ. ಹತ್ತು ವರ್ಷ ಬೇರೆಯೇ ದನಿ ಕಲ್ಪಿಸಿಕೊಂಡಿದ್ದೆ.

ಗಂಟೆ ಹೊಡೆಯಿತು. ಹೊರಡಬೇಕು.

ಮಾರ್ಚ್ 14

ಅಣ್ಣನಿಗೆ ಹೇಳಿಬಿಟ್ಟೆ. ಸುದ್ದಿ ಬೆಂಚಿಗೆ ಆಗಲೇ ತಲುಪಿತ್ತು. ಅವನು ಎರಡು ದಿನ ಊಟಕ್ಕೆ ಬಂದಿರಲಿಲ್ಲ, ನಾನೇ ರೂಮಿಗೆ ಹೋದೆ. ಕುರ್ಚಿ ಒಂದೇ. ಅದನ್ನು ನನಗೆ ಬಿಟ್ಟು ಮಂಚದ ಅಂಚಿಗೆ ಕೂತ. ಮುಖ ಬಿಗಿದುಕೊಂಡಿತ್ತು.

ಕೈಯ ಕಥೆ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಡ್ರೈವರುಗಳ ಪಕ್ಕ ಮೂವತ್ತು ವರ್ಷ ನಿಂತವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಡವಟ್ಟು ಮಾಡೋದ್ರಲ್ಲಿ ನಿಂದು ಎತ್ತಿದ ಕೈ ಕಣೇ!"

ಕಣ್ಣು ಒರೆಸಿಕೊಂಡು ಕೇಳಿದ, "ತಿದ್ದಿಸೋಕೆ ಆಗುತ್ತಾ?"

ಆಗುತ್ತದೆ. ಗುಮಾಸ್ತೆಯನ್ನು ಕೇಳಿದ್ದೆ. ಮುಂದಿನ ಮೀಟಿಂಗಿನ ಶುರುವಿನಲ್ಲಿ ಹಿಂದಿನ ನಡಾವಳಿ ಓದುತ್ತಾರೆ. ಅಧ್ಯಕ್ಷೆ "ತಿದ್ದುಪಡಿ ಏನಾದರೂ?" ಎಂದಾಗ ನನ್ನ ಮತ ತಪ್ಪಾಗಿದೆ ಎಂದರೆ ಸಾಕು. ಮತ್ತೆ ಮತ ಹಾಕಿಸುತ್ತಾರೆ. ಪರವಾಗಿ ನಾಲ್ಕಿದ್ದದ್ದು ಮೂರಾಗುತ್ತದೆ, ನಿರ್ಣಯ ಬಿದ್ದುಹೋಗುತ್ತದೆ.

"ಹಾಗಾದ್ರೆ ಬೆಂಚಿಗೆ ಹೇಳ್ಲಾ?"

"ಹೇಳು."

ಬಾಗಿಲವರೆಗೂ ಬಂದು ಕಳಿಸಿಕೊಟ್ಟ. ರಾತ್ರಿ ಊಟಕ್ಕೂ ಬಂದ, ಎರಡು ಸಲ ಬಡಿಸಿಕೊಂಡ.

ಮಾರ್ಚ್ 22. ಕೊನೆ ಸ್ಟಾಪ್

ಬೆಂಚಿನ ಮೂವರು ಇವತ್ತು ನನ್ನ ಬಸ್ಸು ಹತ್ತಿದರು. ಎಲ್ಲಿಗೂ ಹೋಗುವುದಿರಲಿಲ್ಲ, ನನ್ನನ್ನು ನೋಡಲು ಬಂದದ್ದು. ಒಬ್ಬರು — ಅವರನ್ನು ಎಲ್ಲರೂ ಚಿಲ್ಲರೆ ಎನ್ನುತ್ತಾರೆ, ಸರ್ವೀಸಿನಲ್ಲಿ ಯಾರಿಗೂ ಸರಿಯಾಗಿ ಚಿಲ್ಲರೆ ಕೊಟ್ಟವರಲ್ಲ — ಗಾಜಿಗೆ ಬಗ್ಗಿ "ನೀನಿದ್ದೀಯಲ್ಲಮ್ಮ, ಸಾಕು" ಎಂದರು. ಹಲ್ಲಿನ ಸೆಟ್ಟು ಸಡಿಲ. ಏರಿಕೆ ಬಂದಾಗ ಹೊಸದು ಮಾಡಿಸುತ್ತಾರಂತೆ.

ಎರಡು ಸ್ಟಾಪಿನಲ್ಲಿ ಬ್ರೇಕ್ ಜೋರಾಗಿ ಹಾಕಿದೆ. ನಾನು ಹಾಗೆ ಹಾಕುವವಳಲ್ಲ.

ಮಾರ್ಚ್ 30. ಡಿಪೋ

ಹಿಂಬಾಗಿಲು ಕೊನೆಗೂ ರಿಪೇರಿ. ಮಗಳು ಮೆಟ್ಟಿಲ ಮೇಲೆ ಕೂತು ಬೋಲ್ಟು ಬಿಗಿಯುತ್ತಿದ್ದಳು. ನಾನು ಟಾರ್ಚ್ ಹಿಡಿದಿದ್ದೆ.

"ತಿದ್ದಿಸ್ತೀಯಂತೆ."

"ಹೂಂ."

"ಮಾವ ಹೇಳಿದ್ರು." ಇನ್ನೊಂದು ಸುತ್ತು ಬಿಗಿದಳು. "ಸರಿ. ಬೆಳಕು ಈ ಕಡೆ ಹಿಡಿ."

ಅಷ್ಟೇ. ಜಗಳ ಆಡಿದ್ದರೆ ಉತ್ತರ ಕೊಡುತ್ತಿದ್ದೆ. ಅವಳ ಅಪ್ಪ ಹೋದಮೇಲೆ ಅವಳು ನನ್ನನ್ನು ಏನನ್ನೂ ಎರಡು ಸಲ ಕೇಳಿದ್ದಿಲ್ಲ. ಡಬ್ಬದ ಮಾತೂ ಒಂದೇ ಸಲ ಕೇಳಿದ್ದು. ನಾನು ನೋಡೋಣ ಎಂದಿದ್ದೆ.

ಇಲ್ಲಿ ಮಾತ್ರ ಬರೆಯಬಹುದಾದದ್ದು: ಅವತ್ತು ಗುಮಾಸ್ತೆ ನಾಲ್ಕು ಎಂದಾಗ ಹೆದರಿಕೆಯಾಯಿತು, ನಿಜ. ಅದರ ಹಿಂದೆಯೇ ಹಗುರವೂ ಆಯಿತು. ನಾನು ಆರಿಸಬೇಕಾದದ್ದನ್ನು ಬೇರೆ ಯಾರೋ ಆರಿಸಿದ ಹಾಗೆ. ಅಣ್ಣನಿಗೆ ಅರ್ಧ ಕಥೆಯನ್ನೇ ಹೇಳಿದ್ದೇನೆ.

ಏಪ್ರಿಲ್ 7

ನಾಳೆ ಮೀಟಿಂಗ್. ವಾಕ್ಯ ಬಾಯಿಪಾಠ ಮಾಡಿದ್ದೇನೆ. ನನ್ನ ಮತ ತಪ್ಪಾಗಿ ದಾಖಲಾಗಿದೆ. ಚಿಕ್ಕ ವಾಕ್ಯ. ಪಾತ್ರೆ ತೊಳೆಯುತ್ತಾ ಹೇಳಿಕೊಂಡೆ, ಕಸ ಕೊಂಡೊಯ್ಯುತ್ತಾ ಹೇಳಿಕೊಂಡೆ. ಅಣ್ಣ ಹೋಗುವಾಗ "ನಾಳೆ ನಿನ್ನ ಕೊನೆ ಸ್ಟಾಪಿಗೇ ಬರ್ತೀನಿ, ಅಲ್ಲೇ ಹೇಳು" ಎಂದ.

ಏಪ್ರಿಲ್ 8. ಸಂಜೆ, ಕೊನೆ ಸ್ಟಾಪ್

ಮೀಟಿಂಗ್ ಮುಗಿಸಿ ನೇರ ಶಿಫ್ಟಿಗೆ ಬಂದೆ. ಬಸ್ಸು ಖಾಲಿ. ಎಂಜಿನ್ ಆಫ್ ಮಾಡಿದ್ದೇನೆ.

ಕುರ್ಚಿಗಳಿಗೆ ಹೊಸ ಕುಶನ್ ಬಂದಿದೆ. ಗುಮಾಸ್ತೆ ನಡಾವಳಿ ಓದಿದಳು. ಅಧ್ಯಕ್ಷೆ ಕನ್ನಡಕ ತೆಗೆದು "ತಿದ್ದುಪಡಿ ಏನಾದರೂ?" ಎಂದರು. ನನ್ನ ಕಡೆಗೇ ನೋಡಿದರು, ಗುಮಾಸ್ತೆ ಹೇಳಿರಬೇಕು. ಎದುರು ಬಸ್ಸಿನವನು ಚಹಾ ಕಪ್ಪು ನೋಡುತ್ತಾ ಕೂತ. ಆಯುಸ್ಸು ಮೇಡಂ ಪೆನ್ನು ಕೆಳಗಿಟ್ಟರು. ಯಾರಿಗೂ ಅವಸರ ಇರಲಿಲ್ಲ. ಬೇಕಾದಷ್ಟು ಹೊತ್ತು ಕೊಟ್ಟರು.

ವಾಕ್ಯ ಪೂರ್ತಿ ನೆನಪಿತ್ತು. ಮರೆತೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

"ಇಲ್ಲ" ಎಂದೆ.

ಅಧ್ಯಕ್ಷೆ ಸಹಿ ಹಾಕಿದರು. ಇವತ್ತು ಕೈ ಮಡಿಲಲ್ಲೇ ಇತ್ತು. ಇವತ್ತಿನದು ಅಭ್ಯಾಸ ಅಲ್ಲ, ಎಡವಟ್ಟು ಅಲ್ಲ. ಅಣ್ಣ ನಗುವಂಥ ಕಥೆ ಇದರಲ್ಲಿ ಯಾವುದೂ ಇಲ್ಲ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಆಮೇಲೆ ನೋಡಿಕೊಳ್ಳಬಹುದು. ಮಾಡಿದವಳು ನಾನು. ನನಗೆ ಅಣ್ಣನ ಮೇಲೆ ಪ್ರೀತಿ ಕಮ್ಮಿಯೇನಿಲ್ಲ. ಅದೇ ತೊಂದರೆ.

ಬಂದ. ರಸ್ತೆಯ ಆಚೆ ನಿಂತಿದ್ದಾನೆ, ಕಾರುಗಳು ಹೋಗಲಿ ಎಂದು. ಇಸ್ತ್ರಿ ಮಾಡಿದ ಶರ್ಟು. ಒಬ್ಬನೇ ಅಲ್ಲ, ಬೆಂಚು ಪೂರ್ತಿ ಬಂದಿದೆ. ಚಿಲ್ಲರೆ ಯಾವುದೋ ಜೋಕು ಹೇಳಿರಬೇಕು, ಎಲ್ಲರೂ ನಗುತ್ತಿದ್ದಾರೆ. ಅಣ್ಣ ಅವರಿಗೆ ನನ್ನ ಬಸ್ಸು ತೋರಿಸುತ್ತಿದ್ದಾನೆ, ಆ ಬಸ್ಸೇ ಎಂದು.

ದಾಟಿದರು. ಅಣ್ಣ ಮುಂಬಾಗಿಲ ಗಾಜಿಗೆ ಮುಖ ಹತ್ತಿರ ತಂದು "ಆಯ್ತಾ?" ಎನ್ನುತ್ತಿದ್ದಾನೆ. ದನಿ ಕೇಳುವುದಿಲ್ಲ, ತುಟಿ ಕಾಣುತ್ತದೆ. ಹೊರಗೆ ಗಾಳಿ ಜೋರಾಗಿದೆ, ವಯಸ್ಸಾದವರು, ಹೀಗೆ ನಿಲ್ಲಿಸಬಾರದು. ಬಾಗಿಲ ಸ್ವಿಚ್ಚು ಎಡಗೈ ಹತ್ತಿರವೇ ಇದೆ. ಅವರು ಹತ್ತಿ ಕೂತಮೇಲೆ, ಮೊದಲು ಅಣ್ಣನಿಗೆ ಮಾತ್ರ ಹೇಳುವುದೋ, ಎಲ್ಲರಿಗೂ ಒಟ್ಟಿಗೇ