ದೇವಣ್ಣನ ಜಗಳ ಎಲ್ಲಿ?

ಕೊಳ್ಳೇಗಾಲ
9 ಆಗಸ್ಟ್ 2004

ಕಂಪ್ಯೂಟರ್ ಕೇಂದ್ರದ ಮಾಲೀಕರಾದ ಮಹದೇವಪ್ರಸಾದ್ ಅವರಿಗೆ,

ಕಳೆದ ಸೋಮವಾರ ತಾವು ನಮ್ಮ ಹಳೆಯ ಚಾಟ್ ಮಾತುಗಳನ್ನೆಲ್ಲ ಅಳಿಸಿಹಾಕಿದಿರಿ. ಡಿಸ್ಕ್ ತುಂಬಿತ್ತು ಎಂಬುದು ತಮ್ಮ ಕಾರಣ.

ಗಂಟಲಿನ ಆಪರೇಷನ್ನಿನಲ್ಲಿ ದನಿ ಕಳೆದುಕೊಂಡ ನನ್ನ ಗೆಳೆಯ ದೇವಣ್ಣ, ತಮ್ಮ ಹನೂರು ಶಾಖೆಯಲ್ಲಿ ಕೂತು ನನ್ನೊಡನೆ ಜಗಳವಾಡುತ್ತಿದ್ದದ್ದು ಆ ಚಾಟಿನಲ್ಲೇ. "ಲೇ ಮಾರಯ್ಯ, ಓದ್ಬುಟ್ರೆ ಬುದ್ಧಿ ಬಂದ್ಬುಡ್ತದೇನ್ಲಾ?" ಎಂದು ಇಲ್ಲಿ ತಮ್ಮ ಕೇಂದ್ರದ ಪರದೆಯ ಮೇಲೆ ಅಕ್ಷರ ಮೂಡಿದಾಗ ನನಗೆ ಅವನ ದನಿಯೇ ಕೇಳಿಸಿತ್ತು. ಜೂನ್‌ನಲ್ಲಿ ಅವನು ತೀರಿಕೊಂಡ. ಆ ಜಗಳವನ್ನೆಲ್ಲ ಓದಿ ಹೇಳಿ ಎಂದು ಅವನ ಹೆಂಡತಿ ಚಿಕ್ಕತಾಯಮ್ಮ ಕೇಳಿದ್ದಾರೆ.

ಮಾತುಗಳನ್ನು ಸರ್ವರ್‌ನಲ್ಲಿ ಉಳಿಸುವ ವ್ಯವಸ್ಥೆ ರೂಪಿಸಿದವಳು ನಮ್ಮ ನೇಕಾರರ ಬೀದಿಯ ರಮ್ಯಶ್ರೀ. ಅವಳನ್ನು ವಿಚಾರಿಸಿದೆ.

"ಮಗ್ಗದಲ್ಲಿ ಹಳೇ ಹಾಸಿನ ನೂಲಿನ ತುದಿಗೆ ಹೊಸ ಹಾಸು ಗಂಟಾಕ್ತೀವಲ್ಲ ಸಾ, ಅಂಗೇ ಒಂದು ಮಾತಿನ ಹಿಂದೆ ಇನ್ನೊಂದ್ನ ಸೇರಿಸ್ತಾ ಓಗೋ ಅಂಗೆ ಮಾಡಿವ್ನಿ. ಅಳಿಸು ಅಂದ್ರೆ ಬರೀ ಗುರುತು ಬೀಳ್ತದೆ. ಆ ಜಾಗಕ್ಕೆ ಬೇರೇದು ಬರೆಯೋಗಂಟ ಮಾತು ಅಲ್ಲೇ ಇರ್ತದೆ."

ಅಳಿಸಿದ ಮೇಲೂ ಉಳಿಯುವ ಮಾತನ್ನು ನಾನು ಓದಿದ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

ಆದರೆ ತಮ್ಮಲ್ಲಿ ಇಂದಿಗೂ ಚಾಟ್ ನಡೆಯುತ್ತಿದೆ. ಯಾರೋ ಒಬ್ಬರು 'ಹಲೋ' ಎಂದರೂ ದೇವಣ್ಣನ ಒಂದು ಬೈಗುಳ ಅದರಡಿ ಹೋಗಿಬಿಡಬಹುದು. ಆ ಸರ್ವರ್ ಯಂತ್ರವನ್ನು ಈ ಕ್ಷಣ ನಿಲ್ಲಿಸಿ, ಉಳಿದ ಮಾತನ್ನು ಹೊರತೆಗೆಯಲು ರಮ್ಯಶ್ರೀಯ ಕೈಗೆ ಕೊಡಿ. ಕೊಡುತ್ತೀರೋ ಇಲ್ಲವೋ, ಕೇಂದ್ರದ ಬಾಗಿಲಲ್ಲಿ ಊರಿಗೆಲ್ಲ ಕಾಣುವಂತೆ ಬರೆದು ಹಾಕಿ. ಚಿಕ್ಕತಾಯಮ್ಮನವರನ್ನು ಅಲ್ಲಿಗೆ ಕರೆತಂದು, ತಾವು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ.

ಉತ್ತರಕ್ಕೆ ಕಾದಿರುವ,
ಮಾರಯ್ಯ